ಭಗವಂತರಾಯನ ಐದು ಗುಂಡು

ಐದನೆಯ ಸಲವೂ ಸೈಕಲ್ಲಿನ ಬೇರಿಂಗಿನ ಗುಂಡು ಪಿಸ್ತೂಲಿನೊಳಗೆ ನಿಲ್ಲದೆ ಉರುಳಿ ಬಂದು ಭಗವಂತರಾಯನ ಧೋತರದ ಮಡಿಲಿಗೆ ಬಿತ್ತು. ಅವನು ಅದನ್ನು ಎತ್ತಿ ಬೆಳಕಿಗೆ ಹಿಡಿದು, ತಪ್ಪೆಲ್ಲ ಗುಂಡಿನದೇ ಎಂಬಂತೆ ದಿಟ್ಟಿಸಿದ. ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ರೇಣಮ್ಮ ಮೊರದ ಮೇಲಿಂದಲೇ ಗಂಡನನ್ನು ನೋಡಿದಳು. ಐವತ್ತೆಂಟು ವರ್ಷದ ಮನುಷ್ಯ, ಸಗರ ಊರಿನಲ್ಲಿ ನಾಲ್ಕು ಜನರಿಂದ ಸಾವಕಾರ ಅನ್ನಿಸಿಕೊಂಡವನು, ಬೆಳಗಿನಿಂದ ಗೋಲಿ ಆಡುತ್ತ ಕುಳಿತಿದ್ದಾನಲ್ಲ ಎಂದುಕೊಂಡಳು.

ಅವನ ತೊಡೆಯ ಮೇಲಿದ್ದ ಪಿಸ್ತೂಲು ಈಗಿನ ತೋಟಾ ಹಾಕುವಂಥದ್ದಲ್ಲ. ಐದು ಕುಳಿಗಳಲ್ಲಿ ಮದ್ದು ತುಂಬಿ, ಮೇಲೆ ಒಂದೊಂದು ಸೀಸದ ಗುಂಡು ಒತ್ತುವ ಹಳೆಯ ಕಾಲದ್ದು. ಬಾಯಿಯೂ ಸಣ್ಣದು. ಅದರ ಅಳತೆಯ ಗುಂಡನ್ನು ಈ ಸೀಮೆಯಲ್ಲಿ ಯಾರೂ ಕಂಡವರಿಲ್ಲ. ಅದನ್ನು ಸುರಪುರದ ದೊರೆ ತನ್ನ ಮುತ್ತಾತನಿಗೆ ಕೈಯಾರೆ ಕೊಟ್ಟಿದ್ದೆಂದು ಭಗವಂತರಾಯ ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಅಪ್ಪ ಮಾತ್ರ, ನಿಜಾಮನ ರಾಜ್ಯ ಮುಳುಗಿದಾಗ ಓಡಿಹೋಗುತ್ತಿದ್ದ ಯಾವನೋ ಜವಾನ ಎರಡು ಚೀಲ ಜೋಳಕ್ಕೆ ಕೊಟ್ಟುಹೋದದ್ದು ಎಂದು ಸೊಸೆಯ ಮುಂದೆ ನಗುತ್ತ ಹೇಳಿದ್ದರು. ಮಹಾನವಮಿಗೆ ಅದಕ್ಕೆ ವಿಭೂತಿ ಹಚ್ಚುವುದು, ಹೆಗಲಿಗೆ ತಾಗಿಸಿ ಫೋಟೋ ತೆಗೆಸಿಕೊಂಡು ವಾಟ್ಸಾಪಿಗೆ ಹಾಕುವುದು, ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿಡುವುದು. ಇಷ್ಟು ವರ್ಷ ಅದರ ಪರಾಕ್ರಮ ಅಷ್ಟಕ್ಕೇ ಮುಗಿದಿತ್ತು.

ಈ ವರ್ಷ ಕೆದಕಿದ್ದು ಕುರಿ. ತೊಗರಿ ಕಟಾವಾದ ಮೇಲೆ ಗೊಲ್ಲಾಳಮ್ಮ ತನ್ನ ಕುರಿಹಿಂಡನ್ನು ಮೊದಲು ಭಗವಂತರಾಯನ ಹೊಲದಲ್ಲಿ ರಾತ್ರಿ ತಂಗಿಸಿ ತರುಬುವುದು ಅವರ ಹಿರಿಯರ ಕಾಲದಿಂದ ಬಂದ ವಾಡಿಕೆ. ಮೂರು ರಾತ್ರಿ ಮುನ್ನೂರು ಕುರಿ ಮಲಗೆದ್ದರೆ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕಿಂತ ಹೆಚ್ಚಾಗಿ, ಮೊದಲ ಹೊಲ ಯಾರದೋ ಅವರೇ ಊರಿಗೆ ಹಿರಿಯರೆಂಬ ಲೆಕ್ಕ. ಹೋದ ವರ್ಷ ಬೀಗರು ಬಂದಾಗ ಗೊಲ್ಲಾಳಮ್ಮ ಎಂದಿನಂತೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಕುರಿನಾತ ಹೊಡೆಯುತ್ತದೆ, ದೂರ ಕುಂಡ್ರು ಎಂದು ಭಗವಂತರಾಯ ಎಲ್ಲರೆದುರಿಗೆ ಅಂದ. ಅವಳು ಚಹಾ ಕೆಳಗಿಟ್ಟು ಎದ್ದುಹೋದಳು. ಈ ವರ್ಷ ಅವಳ ಹಿಂಡು ಮೊದಲು ಇಳಿದದ್ದು ಅವನ ತಮ್ಮ ಬಸವಂತನ ಹೊಲದಲ್ಲಿ.

ಅಂದಿನಿಂದ ಅವನಿಗೆ ಊಟ ರುಚಿಸುತ್ತಿಲ್ಲ. ಅವಳ ಮುಂಗುರಿಯನ್ನು, ಅಂದರೆ ಗಂಟೆ ಕಟ್ಟಿಕೊಂಡು ಹಿಂಡಿನ ಮುಂದೆ ನಡೆಯುವ ಟಗರನ್ನು, ಅವಳ ಕಣ್ಣೆದುರಿಗೇ ಹೊಡೆದುರುಳಿಸುತ್ತೇನೆ ಎಂದು ಹಟ ತೊಟ್ಟ. ಇವನು ತತ್ತಿ ಮುಟ್ಟಿದರೂ ಕೈ ತೊಳೆಯುವವನು. ಅಮಾವಾಸ್ಯೆಗೊಮ್ಮೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ, ಇರುವೆಯನ್ನೂ ನೋಯಿಸೆನೆಂದು ಗದ್ದುಗೆಗೆ ಹಣೆ ಹಚ್ಚಿ ಬರುವವನು. ರೇಣಮ್ಮನಿಗೆ ಅವನ ಸಿಟ್ಟಿನ ಭಯವಿರಲಿಲ್ಲ, ಗುರಿಯ ಭಯವಿತ್ತು. ಅಂಗಳದ ನಾಯಿಗೆ ಎಸೆದ ಕಲ್ಲು ಬಾಗಿಲ ಗಾಜಿಗೆ ಬಡಿಸುವ ಕೈ ಅದು. ಟಗರಿಗೆ ಹೊಡೆದದ್ದು ಗೊಲ್ಲಾಳಮ್ಮನ ಎದೆಗೆ ಹೋದರೆ? ಮಗಳು ಪವಿತ್ರಾ ಹುಟ್ಟಿದಾಗ ತನಗೆ ಹಾಲಿಲ್ಲದೆ ಹೋಗಿ, ಎಂಟು ತಿಂಗಳು ದಿನಾ ಎರಡು ಹೊತ್ತು ಆಡಿನ ಹಾಲು ಹಿಂಡಿ ತಂದುಕೊಟ್ಟವಳು ಗೊಲ್ಲಾಳಮ್ಮ. ಅದನ್ನು ರೇಣಮ್ಮ ಮರೆತಿರಲಿಲ್ಲ.

ಗುಂಡಿನ ಹುಡುಕಾಟ ಒಂದು ವಾರ ನಡೆಯಿತು. ಸೈಕಲ್ಲಿನದು ಸಣ್ಣದಾಯಿತು. ಟ್ರ್ಯಾಕ್ಟರಿನ ಬೇರಿಂಗಿನದು ದೊಡ್ಡದಾಯಿತು. ಹುಣಸೆಬೀಜ, ಮೊಮ್ಮಗಳ ಮಣಿಸರ, ಕಡೆಗೆ ಜಪದ ರುದ್ರಾಕ್ಷಿಯನ್ನೂ ಆ ಕುಳಿಗಳಿಗೆ ಒಡ್ಡಿ ನೋಡಿದ. ರುದ್ರಾಕ್ಷಿ ಸಿಕ್ಕಿಕೊಂಡಿತು. ಅದನ್ನು ಸೂಜಿಯಿಂದ ಕೆದರಿ ತೆಗೆಯಲು ಅರ್ಧ ದಿನ ಹಿಡಿಯಿತು. ಆಮೇಲೆ ಪಿಸ್ತೂಲನ್ನು ಚೀಲದಲ್ಲಿಟ್ಟುಕೊಂಡು ಸುರಪುರದ ಅಮೀನಸಾಬನ ಹತ್ತಿರ ಹೋದ. ಅಮೀನಸಾಬ ಈಗ ಗ್ಯಾಸಿನ ಒಲೆ ರಿಪೇರಿ ಮಾಡುವವನಾದರೂ ಅವನ ಹಿರಿಯರು ಬಂದೂಕು ಮಾಡುತ್ತಿದ್ದವರು.

ಸಂಜೆ ಬಂದವನ ಮುಖ ಉರಿಯುತ್ತಿತ್ತು. ಅಮೀನಸಾಬ ಕಣ್ಣಿಗೆ ಭೂತಗನ್ನಡಿ ಏರಿಸಿ ನಳಿಗೆಯೊಳಗೆ ನೋಡಿ, ಅದು ತುಕ್ಕು ತಿಂದು ಸೀಳಿದೆಯೆಂದು ಹೇಳಿದನಂತೆ.

"ಏನಂದ ಗೊತ್ತದೇನು ಆ ಸಾಬ?" ಭಗವಂತರಾಯ ತಲೆಯ ಪಟಗ ಕಿತ್ತು ಮಂಚಕ್ಕೆ ಎಸೆದ. "ಇದರಾಗ ಸೀಸ ಹಾಕಿದ್ರ ಎದುರಿಗಿದ್ದೋನಲ್ಲ, ಹೊಡದೋನೇ ಸಾಯ್ತಾನ್ರಿ ಅಂತ. ಬರೇ ಸಪ್ಪಳ ಬೇಕಿದ್ರ ಕಣಕದ ಉಂಡಿ ಹಾಕ್ರಿ ಅಂತ. ನನಗ! ಕಣಕದ ಉಂಡಿ!"

ರೇಣಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗು ಬಂದಿದ್ದು ನಿಜ. ಆದರೆ ಹೊಡೆದವನೇ ಸಾಯುತ್ತಾನೆಂಬ ಮಾತು ನಗುವಂಥದ್ದಾಗಿರಲಿಲ್ಲ. ಮೂವತ್ತು ವರ್ಷ ಅವನ ಜೊತೆ ಬಾಳಿದ್ದಾಳೆ. ಅವನ ಬಗ್ಗೆ ಅವಳಿಗೆ ಈಗ ಉಳಿದಿರುವುದು ಹೆಚ್ಚಿನಂಶ ಹೇಸಿಗೆಯೇ. ಹಾಗಂತ ಇಂಥ ಮೂರ್ಖತನಕ್ಕೆ ಅವನ ಕೈ ಮುಖ ಸುಟ್ಟು ಹೆಣವಾಗುವುದು ಅವಳಿಗೆ ಬೇಕಿರಲಿಲ್ಲ. ಆ ಸಾಬ ಹೇಳಿದ್ದು ಕೇಳಬಾರದೇ ಎಂದು ಮೆಲ್ಲಗೆ ಅಂದಳು. ಹೆಂಗಸರಿಗೆ ಹತ್ಯಾರದ ವಿಷಯ ಏನು ತಿಳಿಯುತ್ತದೆ ಎಂದು ಅವನು ಬಾಯಿ ಮುಚ್ಚಿಸಿದ.

ಮರುದಿನ ಬೋನಾಳದ ಕೆರೆಗೆ ಹೋಗಿ, ಮೀನುಗಾರರು ಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿಗಳನ್ನು ತಂದ. ಅವು ಉದ್ದುದ್ದ ಇದ್ದವು. ಶಹಾಪುರದಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರ ಮೌನೇಶ ಅವನ್ನು ಕರಗಿಸಿ, ಬೋರಮಾಳ ಸರದ ಗುಂಡು ಮಾಡುವ ಅಚ್ಚಿನಲ್ಲಿ ಎರೆದು ತೀಡಿ, ಐದು ಗುಂಡು ಮಾಡಿಕೊಟ್ಟ. ಭಗವಂತರಾಯ ಅವನ್ನು ಸಣ್ಣ ಕುಂಕುಮದ ಡಬ್ಬಿಯಲ್ಲಿ ಹಾಕಿ ದೇವರ ಜಗಲಿಯ ಮೇಲಿಟ್ಟ. ಮದ್ದನ್ನು ಎಲ್ಲಿಂದ ತಂದನೋ, ಅವಳು ಕೇಳಲಿಲ್ಲ. ಮುಹೂರ್ತ ಸೋಮವಾರದ್ದು. ಟಗರು ಕೊಲ್ಲುವುದಕ್ಕೂ ಪಂಚಾಂಗ ನೋಡಿಸಿದ್ದ.

ಶನಿವಾರ ಮಧ್ಯಾಹ್ನ ಅವನು ಪೇಟೆಗೆ ಹೋದಾಗ ರೇಣಮ್ಮ ಪರಾತ ಮುಂದಿಟ್ಟುಕೊಂಡು ಕಣಕ ನಾದಿದಳು. ಮದುವೆಮನೆಗಳಿಗೆ ಪಾಯಸದ ಗವಲಿ ಹೊಸೆಯಲು ಇಡೀ ಓಣಿ ಕರೆಯುವುದು ಅವಳನ್ನೇ. ಸವತೆಬೀಜದಷ್ಟು ಹಿಟ್ಟನ್ನು ಸಾವಿರ ಸಲ ಹೊಸೆದರೂ ಒಂದಕ್ಕಿಂತ ಒಂದು ಹೆಚ್ಚು ಕಡಿಮೆ ಆಗದ ಬೆರಳು. ಬರೀ ಗೋಧಿಯಾದರೆ ಒಣಗಿ ಕಲ್ಲಾಗುತ್ತದೆಂದು ಅರ್ಧಕ್ಕರ್ಧ ಜೋಳದ ಹಿಟ್ಟು ಬೆರೆಸಿದಳು, ಪುಡಿಯಾಗಲಿ ಅಂತ. ಸೀಸದ ಗುಂಡನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಅಳತೆಗೆ ಐದು ಉಂಡೆ ಮಾಡಿದಳು. ಹಂಚಿನ ತಳದ ಮಸಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಸವರಿ, ಮಾಳಿಗೆಯ ಮೇಲೆ ಸಂಡಿಗೆಯ ನಡುವೆ ಒಣಗಲು ಇಟ್ಟಳು. ಭಾನುವಾರ ಅವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಡಬ್ಬಿಯೊಳಗಿನದು ಬದಲಾಯಿತು. ಸೀಸದವು ಉಪ್ಪಿನಕಾಯಿ ಭರಣಿಯ ಹಿಂದಿನ ಗೋಡೆಯ ಗೂಡು ಸೇರಿದವು.

ಸೋಮವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವನು ಅಡಿಗೆಮನೆಯ ಹೊಸ್ತಿಲಲ್ಲೇ ಕುಳಿತು, ಮೊಬೈಲಿನಲ್ಲಿ ಯಾವನೋ ಬಿಳಿಯನ ವಿಡಿಯೋ ನೋಡುತ್ತ ಪಿಸ್ತೂಲು ತುಂಬಿದ. ಎರಡನೆಯ ಗುಂಡು ಎತ್ತಿದವನು ಅಂಗೈಯಲ್ಲಿ ಕುಣಿಸಿ ನೋಡಿದ.

"ಇವು ಹಗುರ ಆಗ್ಯಾವಲ್ಲ?"

ರೇಣಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು.

"ಆ ಪತ್ತಾರ ಸೀಸದಾಗೂ ಕದ್ದಾನ," ಅಂದ ಭಗವಂತರಾಯ. "ಬಂಗಾರ ಬಿಟ್ಟಾನೇನು, ಸೀಸ ಬಿಡಾಕ."

"ಇದ್ದೀತು," ಅಂದಳು ಅವಳು, ಮನಸ್ಸಿನಲ್ಲಿಯೇ ಮೌನೇಶನ ಕ್ಷಮೆ ಕೇಳಿ. ಜಗತ್ತಿನವರೆಲ್ಲ ಕಳ್ಳರೆಂದು ನಂಬಿದವನಿಗೆ ಮೋಸ ಮಾಡುವುದು ಇಷ್ಟು ಸುಲಭವೇ ಎಂದು ಅವಳಿಗೆ ನಾಚಿಕೆಯೇ ಆಯಿತು. ಒಣಗಿ ತುಸು ಕುಗ್ಗಿದ್ದ ಉಂಡೆಗಳು ಕುಳಿಗಳಲ್ಲಿ ಸರಾಗವಾಗಿ ಇಳಿದವು. ಈಗ ನೋಡು ಹೇಗೆ ಕುಂತವು ಎಂದು ಅವನು ಹಿಗ್ಗಿದ.

ಹೊಲಕ್ಕೆ ಅವನು ಮುಂದೆ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಹಿಂದೆ. ಬರಬೇಡ ಎಂದು ಅವನು ಅನ್ನಲಿಲ್ಲ. ತನ್ನ ಶೌರ್ಯಕ್ಕೆ ಒಬ್ಬರಾದರೂ ಸಾಕ್ಷಿ ಬೇಕಿತ್ತು.

ಬಸವಂತನ ಹೊಲದಲ್ಲಿ ಕುರಿ ಕೂಡಿದ್ದ ಬಲೆಯ ದೊಡ್ಡಿಯನ್ನು ಆಗಲೇ ಬಿಚ್ಚಿಯಾಗಿತ್ತು. ಗೊಲ್ಲಾಳಮ್ಮ ಕಂಬಳಿಯ ಮೇಲೆ ಕುಳಿತು ಕುಂಟುವ ಮರಿಯ ಕಾಲಿಗೆ ಬಟ್ಟೆ ಸುತ್ತುತ್ತಿದ್ದಳು. ಗಂಟೆಯ ಟಗರು ಅವಳ ಬೆನ್ನಿಗೆ ಒರಗಿಕೊಂಡೇ ನಿಂತಿತ್ತು. ಇಪ್ಪತ್ತು ಹೆಜ್ಜೆಯಲ್ಲಿ ನಿಂತ ಭಗವಂತರಾಯ, ಸೂರ್ಯ ಮುಳುಗುವುದರೊಳಗೆ ಹಿಂಡು ತನ್ನ ಹೊಲಕ್ಕೆ ಬರಬೇಕು, ಇಲ್ಲವಾದರೆ ಟಗರು ಇರುವುದಿಲ್ಲ ಎಂದು ಕೂಗಿದ.

ಗೊಲ್ಲಾಳಮ್ಮ ಗಂಟು ಬಿಗಿದು ಮುಗಿಸಿದ ಮೇಲೆ ತಲೆಯೆತ್ತಿದಳು. "ಕುರಿನಾತ ನಿಮಗ ಆಗಿಬರಂಗಿಲ್ರಿ ಸಾವಕಾರ್ರೆ. ದೂರ ಕುಂತೀವಿ."

ಅವನು ಕಣ್ಣು ಮುಚ್ಚಿಕೊಂಡು ಪಿಸ್ತೂಲಿನ ಕುದುರೆ ಒತ್ತಿದ. ಅವನು ಕಣ್ಣು ಮುಚ್ಚಿದ್ದನ್ನು ರೇಣಮ್ಮ ಕಂಡಳು. ಡಬ್ ಎಂದು ದೊಡ್ಡ ಸಪ್ಪಳವಾಗಿ ಬಿಳಿ ಹೊಗೆ ಎದ್ದಿತು. ಕುರಿಗಳು ನಾಲ್ಕೂ ದಿಕ್ಕಿಗೆ ಚೆದುರಿದವು. ಮುನ್ನೂರು ಕುರಿಗಳ ಕೂಗಿನ ನಡುವೆ ಭಗವಂತರಾಯ ನೋಯುತ್ತಿದ್ದ ಕೈಯನ್ನು ಕೆಳಗಿಳಿಸಿದ. ಪಿಸ್ತೂಲಿನ ಮೂತಿ ನೆಲ ನೋಡಿತು. ಅದರ ಒಡಲಿನಿಂದ ಒಂದು ಗುಂಡು ಜಾರಿ ತೊಗರಿಕೂಳೆಯ ನಡುವೆ ಬಿತ್ತು. ಮದ್ದು ಸುರಿಯಿತು. ಅದರ ಹಿಂದೆ ಇನ್ನೊಂದು ಗುಂಡು, ಮತ್ತೊಂದು. ಅವನ ಮೆಟ್ಟಿನ ಹತ್ತಿರ ಅವು ಕಪ್ಪಗೆ ಕುಳಿತವು. ಹೊಗೆ ತಿಳಿಯಾದಾಗ ಗೊಲ್ಲಾಳಮ್ಮ ಕುಳಿತಲ್ಲೇ ಕುಳಿತಿದ್ದಳು, ಮರಿಯನ್ನು ಎದೆಗೆ ಒತ್ತಿಕೊಂಡು.

ಟಗರು ಓಡಿಹೋದದ್ದು ಹತ್ತು ಮಾರು ಅಷ್ಟೇ. ಗಂಟೆ ಅಲುಗಿಸುತ್ತ ಹಿಂದಿರುಗಿ, ಭಗವಂತರಾಯನ ಕಾಲ ಬಳಿಯವರೆಗೂ ಬಂದು ಮೂಸಿತು. ಒಂದು ಗುಂಡನ್ನು ಬಾಯಿಗೆ ಹಾಕಿಕೊಂಡು ಕರುಂ ಎಂದು ಅಗಿಯಿತು. ಎರಡನೆಯದನ್ನೂ ತಿಂದಿತು. ಮದ್ದು ಹತ್ತಿದ ಮೂರನೆಯದನ್ನು ಮೂಸಿ ಬಿಟ್ಟಿತು. ಭಗವಂತರಾಯ ಟಗರಿನ ಬಾಯಿಯನ್ನೇ ನೋಡುತ್ತಿದ್ದ.

ತಿಂದು ಮುಗಿಸಿದ ಟಗರು ಇನ್ನೂ ಇದೆಯೇ ಎಂದು ಗಾಳಿ ಮೂಸಿತು. ಆಮೇಲೆ ಅವನನ್ನು ಬಳಸಿಕೊಂಡು ನೇರ ರೇಣಮ್ಮನ ಬಳಿಗೆ ನಡೆದು, ಅವಳ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.