ಇನ್ನೊಂದು, ಇರಲಿ ಅಂತ

"ಮುಖ ಚೆನ್ನಾಗಿ ಬರಲಿ ಅಂತ ಜನ ನಿಮ್ಮ ಹತ್ರ ಬರ್ತಿದ್ರು. ಇನ್ಮೇಲೆ ಮೂಳೆ ಚೆನ್ನಾಗಿ ಬರಲಿ ಅಂತ ಬರ್ತಾರೇನು ಅಳಿಯಂದ್ರೆ?"

ತಿಂಡಿಯ ಮೇಜಿನ ಆ ತುದಿಯಿಂದ ಅತ್ತೆ ಕೇಳಿದರು. ಅಳಿಯ ಷೂ ಲೇಸು ಕಟ್ಟುತ್ತ ನಕ್ಕ.

"ಮೂಳೆಗೆ ಪೌಡರ್ ಹಚ್ಚೋ ತಾಪತ್ರಯ ಇಲ್ಲ ಬಿಡಿ ಅತ್ತೆ."

"ಸುಮ್ನಿರಮ್ಮ," ಎಂದಳು ಹೆಂಡತಿ. "ಇವತ್ತು ಆಸ್ಪತ್ರೇಲಿ ಇವರ ಟ್ರಯಲ್ ಕೆಲಸದ ಕಡೇ ದಿನ."

ಮೀಸೆ ಚಿಗುರುವ ವಯಸ್ಸಿನಲ್ಲಿ ತೆರೆದ ಫೋಟೋ ಸ್ಟುಡಿಯೋ ಅವನದು. ಎಲ್ಲರ ಕೈಗೂ ಫೋನು ಬಂದ ಮೇಲೆ ಉಳಿದವರು ಪಾಸ್‌ಪೋರ್ಟ್ ಅಳತೆಯ ಗಿರಾಕಿಗಳು ಮಾತ್ರ. ಅವರೋ, ನಗುವ ಹಾಗೂ ಇಲ್ಲ. ಹಾಗಂತ ಅವನು ಹಿಂದೆಮುಂದೆ ನೋಡದೆ ಹೊಸ ಕೆಲಸಕ್ಕೆ ಹಾರಿದವನಲ್ಲ. ಒಮ್ಮೆ ಕಾಲು ಉಳುಕಿ ಎಕ್ಸ್‌ರೇ ಕೋಣೆಗೆ ಹೋದಾಗ, ಅಲ್ಲಿಯವರು ತನ್ನನ್ನು ತಿರುಗಿಸಿ, ಸರಿಸಿ, "ಅಲ್ಲಾಡಬೇಡಿ" ಅಂದದ್ದು ಕೇಳಿ, ಇದು ತನ್ನ ಕಸುಬಿನ ದಾಯಾದಿಯಲ್ಲವೇ ಅನ್ನಿಸಿತ್ತು. ಆ ಕೆಲಸದಲ್ಲಿ ಇರುವವರನ್ನು ಮಾತಾಡಿಸಿದ, ಬಿಟ್ಟವರನ್ನೂ ಹುಡುಕಿ ಮಾತಾಡಿಸಿದ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಪಾಸಾದ. ಆಸ್ಪತ್ರೆಯವರು ಉಳಿಸಿಕೊಳ್ಳುವ ತನಕ ಸ್ಟುಡಿಯೋ ಬಿಡಕೂಡದು ಅನ್ನುವುದು ಹೆಂಡತಿಯ ಷರತ್ತು. ಸ್ಟುಡಿಯೋ ಜಾಗಕ್ಕೆ ಕಣ್ಣಿಟ್ಟಿದ್ದ ಪಕ್ಕದ ಕನ್ನಡಕದ ಅಂಗಡಿಯವನಿಗೆ ಇವತ್ತು ಸಂಜೆ ಉತ್ತರ ಹೇಳಬೇಕಿತ್ತು. ಆ ಉತ್ತರ ಎಕ್ಸ್‌ರೇ ವಿಭಾಗದ ಹಿರಿಯ ಮೇಡಂ ಬಾಯಲ್ಲಿತ್ತು.

ಬೆಳಿಗ್ಗೆ ಮೊದಲು ಬಂದವನು ಮೂಟೆ ಹೊರುವ ಆಳು, ಬಾಗಿಲು ತುಂಬುವಂಥ ಮೈಕಟ್ಟು. ಜಾರಿ ಬಿದ್ದು ಹೆಗಲಿಗೆ ಪೆಟ್ಟಾಗಿತ್ತು. ಯಂತ್ರ ನೋಡಿದ್ದೇ ಅವನ ಜೀವ ಬಾಯಿಗೆ ಬಂದಿತ್ತು.

"ಇದು ಕಚ್ಚುತ್ತಾ ಸಾರ್?"

"ನೋವೇ ಆಗಲ್ಲ ಅಣ್ಣ. ನಾನು ಹೇಗೆ ನಿಲ್ತೀನೋ ಹಾಗೇ ನಿಂತ್ಕೊಳ್ಳಿ, ಅಷ್ಟೇ."

ಎಡ, ಬಲ ಎಂದು ಇವನು ಯಾರಿಗೂ ಹೇಳುತ್ತಿರಲಿಲ್ಲ; ಎದುರು ಕನ್ನಡಿಯ ಹಾಗೆ ನಿಂತು ತೋರಿಸುತ್ತಿದ್ದ. ಸ್ಟುಡಿಯೋದಲ್ಲಿ ಬಂದ ಅಭ್ಯಾಸ. ಆಳು ನೋಡಿ ನೋಡಿ ಹೆಗಲು ಸಡಿಲಿಸಿದ, ಗಲ್ಲ ತಿರುಗಿಸಿದ. ಇವನು ಗಾಜಿನ ಮರೆಗೆ ಬಂದು ಗುಂಡಿ ಒತ್ತಿದ. ಪರದೆಯ ಮೇಲೆ ಹೆಗಲಿನ ಮೂಳೆ ಬೆಳ್ಳಗೆ ಸ್ಪಷ್ಟವಾಗಿ ಮೂಡಿತು. ಎಂಥ ಚಿತ್ರ ಅಂತ ಇವನಿಗೇ ಖುಷಿಯಾಯಿತು.

"ಹಾಗೇ ಇರಿ ಅಣ್ಣ, ಅಲ್ಲಾಡಬೇಡಿ. ಇನ್ನೊಂದು ತೆಗೆದುಬಿಡೋಣ."

ಹೆಬ್ಬೆರಳು ಮತ್ತೆ ಗುಂಡಿಯ ಮೇಲೆ ಹೋಗಿತ್ತು. ಪಕ್ಕದಲ್ಲೇ ನಿಂತಿದ್ದ ಮೇಡಂ ಅವನ ಮಣಿಕಟ್ಟು ಹಿಡಿದರು.

"ಯಾಕೆ?"

"ಇರಲಿ ಅಂತ ಮೇಡಂ."

"ಮೊದಲನೇದು ಕೆಟ್ಟಿದೆಯಾ?"

"ಇಲ್ಲ."

"ಮತ್ತೆ? ನಿಮ್ಮ ಸ್ಟುಡಿಯೋದಲ್ಲಿ ಇನ್ನೊಂದು ಅಂದ್ರೆ ಯಾರಿಗೂ ಏನೂ ಆಗಲ್ಲ. ಇಲ್ಲಿ ಪ್ರತಿಯೊಂದಕ್ಕೂ ಅವರ ಮೈಗೆ ಕಿರಣ ಬೀಳುತ್ತೆ."

ಪುಸ್ತಕದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ತಲೆಗೆ ಗೊತ್ತಿದ್ದದ್ದು ಬೆರಳಿಗೆ ಗೊತ್ತಿರಲಿಲ್ಲ. "ಗೊತ್ತಿದ್ದೂ ಕೈ ಹೋಯ್ತು ಮೇಡಂ, ತಪ್ಪಾಯ್ತು," ಎಂದ. ಮೇಡಂ ಮುಂದಿನ ರೋಗಿಯ ಚೀಟಿ ಕೈಗೆತ್ತಿಕೊಂಡರು. ಎರಡು ವರ್ಷದ ಓದು ಒಂದು ಹೆಬ್ಬೆರಳಿನಿಂದ ನೀರುಪಾಲಾಯಿತೇ ಅನ್ನಿಸಿತು ಅವನಿಗೆ.

ಆಮೇಲೆ ಒಂದು ಉಪಾಯ ಮಾಡಿದ. ಪ್ರತಿ ಸಲ ಗುಂಡಿ ಒತ್ತಿದ್ದೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಾಗೇ ಚಿತ್ರ ನೋಡುತ್ತಿದ್ದ. ನಡುಗುವ ಅಜ್ಜಿ ಬಂದರು, ಮಾತು ನಿಲ್ಲಿಸದ ಟೈಲರ್ ಬಂದ. ಕೈ ಬೆನ್ನ ಹಿಂದೆಯೇ ಇತ್ತು.

"ಏನ್ರೀ, ಯಾರಾದ್ರೂ ಕೋಳ ಹಾಕಿದಾರಾ?" ಎಂದರು ಮೇಡಂ ಸಂಜೆ, ಕೋಟು ಕಳಚುತ್ತ.

"ನಾನೇ ಹಾಕ್ಕೊಂಡೆ ಮೇಡಂ. ಹಳೇ ಕೈ, ಮಾತು ಕೇಳಲ್ಲ."

ಅವರು ಮೊದಲ ಸಲ ನಕ್ಕರು. "ನಿಮ್ಮೆದುರು ನಿಂತ್ಕೊಳ್ಳೋಕೆ ಜನ ಹೆದರಲ್ಲ. ಅದನ್ನ ನಾನು ಕಲಿಸೋಕಾಗಲ್ಲ. ಕೈಗೆ ಬುದ್ಧಿ ಹೇಳೋದು ನಿಮಗೆ ಬಿಟ್ಟಿದ್ದು, ದಿನಾ ಹೇಳ್ತಿರಿ. ಸೋಮವಾರ ಬನ್ನಿ, ಕೆಲಸ ಖಾಯಂ."

ಅವನು ಓಡಲಿಲ್ಲ ಅಷ್ಟೇ. ಕನ್ನಡಕದವನಿಗೆ ದಾರಿಯಲ್ಲೇ ಹೂಂ ಅಂದು ಸ್ಟುಡಿಯೋಗೆ ಬಂದರೆ, ಹೆಂಡತಿ ಫಲ ಮೊದಲೇ ಗೊತ್ತಿದ್ದವಳ ಹಾಗೆ ಫೋಟೋದ ಹಿಂದೆ ಕಟ್ಟುವ ಪರದೆ ಮಡಚುತ್ತಿದ್ದಳು. ಅವನ ಮುಖ ನೋಡಿದ್ದೇ ತೋಳು ಹಿಡಿದು ಅಲ್ಲಾಡಿಸಿದಳು. ಅತ್ತೆ ಆಗಲೇ ಸ್ಟೂಲಿನ ಮೇಲೆ ಕೂತು ಕೂದಲು ತೀಡಿಕೊಳ್ಳುತ್ತಿದ್ದರು.

"ಮೂಳೆದು ಆಮೇಲೆ ನೋಡೋಣ. ಬಾಗಿಲು ಹಾಕೋ ಮುಂಚೆ ನನ್ನ ಮುಖದ್ದೊಂದು ತೆಗೀರಿ."

ಅವನು ಎದುರು ನಿಂತು ಗಲ್ಲ ಎತ್ತಿ ತೋರಿಸಿದ. ಅವರೂ ಎತ್ತಿದರು. ಕ್ಲಿಕ್ ಅಂತು.

"ಇನ್ನೊಂದು ತೆಗೀರಿ, ಇರಲಿ."

"ಇದೇ ಚೆನ್ನಾಗಿದೆ ಅತ್ತೆ. ಸಾಕು."

ಅತ್ತೆ ನಂಬಿಕೆಯಿಲ್ಲದೆ ಗಲ್ಲ ಎತ್ತಿಕೊಂಡೇ ಕೂತಿದ್ದರು. ಅವನು ಲೆನ್ಸಿಗೆ ಮುಚ್ಚಳ ಹಾಕಿ, ದೊಡ್ಡ ದೀಪಗಳನ್ನು ಒಂದೊಂದಾಗಿ ಆರಿಸಿದ.