ಧ್ವಜಕಂಬದ ಬುಡದಲ್ಲಿ ಚರಂಡಿ

"ಕೈ ಇಳಿಸೇ ಲೌಡಿ! ರಾಷ್ಟ್ರಗೀತೆ ಬರ್ತಿದೆ, ಕಿವಿ ಕೇಳ್ಸಲ್ವಾ?"

ಬೈದವನು ನಾಯಕರ ಬಲಗೈ ಬಂಟ. ನಾನು ಮ್ಯಾನ್‌ಹೋಲಿನ ಬಾಯಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಅದರ ಇನ್ನೊಂದು ತುದಿ ಒಳಗೆ ಇಳಿದಿದ್ದ ನನ್ನ ಗಂಡನ ಸೊಂಟಕ್ಕೆ ಕಟ್ಟಿತ್ತು. ಕಟ್ಟಿಕೊಂಡ ಚರಂಡಿ ಉಕ್ಕಿ ಧ್ವಜಕಂಬದ ಕಡೆ ಹರಿಯುತ್ತಿತ್ತು. ಬಾವುಟ ಹಾರಿಸಲು ನಾಯಕರು ಬರುವುದರೊಳಗೆ ಬಿಡಿಸಬೇಕೆಂದು ನಮ್ಮನ್ನು ಎಳೆದು ತಂದಿದ್ದರು. ಚುನಾವಣೆ ಹತ್ತಿರವಿತ್ತು. ದೇಶಪ್ರೇಮವೂ ಉಕ್ಕುವ ಕಾಲ.

ಅದಿನ್ನೂ ಮೈಕು ಪರೀಕ್ಷಿಸುವ ಹಾಡು. ಆದರೂ ಎಲ್ಲರೂ ನೆಟ್ಟಗೆ ನಿಂತಿದ್ದರು. ಫೋಟೋದವರು ಬಂದಿದ್ದರು.

"ಅಣ್ಣಾ, ಕೆಳಗೆ ನನ್ ಗಂಡ ಇದಾನೆ."

"ಗಂಡ ದೊಡ್ಡೋನಾ, ದೇಶ ದೊಡ್ಡದಾ? ದೇಶದ್ರೋಹಿ ಮುಂಡೆ!"

ನಮ್ಮ ಕಸುಬಿನಲ್ಲಿ ಹಗ್ಗ ಒಂದು ಸಲ ಜಗ್ಗಿದರೆ ಜೀವ ಇದೆ ಎಂದರ್ಥ. ಎರಡು ಸಲ ಜಗ್ಗಿದರೆ, ಎಳೆ. ಜಗ್ಗದೇ ಇದ್ದರೆ ಅಧಿಕಾರಿಗಳು ಬರುತ್ತಾರೆ. ಹಾಡಿನ ನಡುವೆ ಎರಡು ಸಲ ಜಗ್ಗಿತು. ಮುಂಡೆ ಎಂಬ ಅವನ ಬೈಗುಳ ನಿಜವಾಗಲು ಇನ್ನು ಸ್ವಲ್ಪ ಹೊತ್ತು ಸಾಕಿತ್ತು.

"ಸರಿ, ನೆಟ್ಟಗೆ ನಿಲ್ತೀನಿ. ನೀವೇ ಎಳೀರಿ," ಎಂದು ಹಗ್ಗ ಚಾಚಿದೆ.

ಅದಕ್ಕೆ ಮೆತ್ತಿದ್ದನ್ನು ನೋಡಿ ಅವನು ಇಸ್ತ್ರಿ ಅಂಗಿ ಹಿಡಿದುಕೊಂಡು ಹಿಂದೆ ಸರಿದ.

ನಾನೇ ಎಳೆದೆ. ಅಂಗೈ ಸುಲಿಯಿತು. ಗಂಡ ಮೇಲೆ ಬಂದವನೇ ವಾಂತಿ ಮಾಡಿದ. ಬದುಕಿದ್ದಾನಲ್ಲ ಎಂದು ಅತ್ತುಬಿಟ್ಟೆ.

"ಕಟ್ಟಿದ್ದು ಬಿಡ್ತೇನೋ?" ಎಂದ ಬಂಟ.

"ಇಲ್ಲ ಸ್ವಾಮಿ. ಒಳಗೆ ಗ್ಯಾಸು, ಉಸಿರು ನಿಲ್ಲುತ್ತೆ."

"ನಿಂತ್ರೆ ನಿಲ್ಲಲಿ, ಇಳಿಯೋ ಸೂಳೆಮಗನೆ! ಕಾರು ಬಂತು!"

ಬಂದೇಬಿಟ್ಟಿತು. ನಾಯಕರು ಬಿಳಿ ಬೂಟು ಹಾಕಿಕೊಂಡು ಕಂಬದ ಬುಡಕ್ಕೆ ನಡೆದರು. ಬಾವುಟ ಏರಿತು, ನಿಜವಾದ ಹಾಡು ಶುರುವಾಯಿತು. ಬಾಯಿ ಬಿಡಲಾಗದ ಬಂಟ ಕಣ್ಣಲ್ಲೇ ಗುಂಡಿ ತೋರಿಸಿದ. ಗಂಡ ಸೊಂಟದ ಹಗ್ಗ ಬಿಚ್ಚಿ ಗುಂಡಿಯೊಳಗೆ ಎಸೆದ. ಕಂಬದ ಹತ್ತಿರ ಹೋಗಿ ಕೈ ಇಳಿಸಿ ನೆಟ್ಟಗೆ ನಿಂತ. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಚರಂಡಿ ನೀರಿಗೆ ಹಾಡು ಗೊತ್ತಿಲ್ಲ. ಅದು ಕಂಬ ಸುತ್ತಿ ಬಂದು ಬಿಳಿ ಬೂಟಿನೊಳಗೆ ಇಳಿಯಿತು. ನಾಯಕರು ಒಂದು ಕಾಲೆತ್ತಿದರು, ಆಮೇಲೆ ಇನ್ನೊಂದು, ಆಮೇಲೆ ಕಾರಿನ ಕಡೆ ಓಟ ಕಿತ್ತರು. ಹಿಂದೆ ಬಂಟ, ಅವನ ಹಿಂದೆ ಮೂಗು ಮುಚ್ಚಿಕೊಂಡ ಸಭೆ.

ಬಾವುಟದ ಕೆಳಗೆ, ಕಣಕಾಲು ಮುಳುಗುವ ಹೊಲಸಿನಲ್ಲಿ ನಾವಿಬ್ಬರೇ ಉಳಿದೆವು. ಗಂಡ ಕೆಮ್ಮುತ್ತಲೇ ಹಾಡಿದ, ಒಂದಕ್ಷರವನ್ನೂ ಬಿಡಲಿಲ್ಲ. ಕೊನೆಯ ಸಾಲಿನವರೆಗೂ ಹಾಡಿ ಮನೆಗೆ ಹೊರಟೆವು. ಚರಂಡಿ ಹಾಗೇ ಕಟ್ಟಿಕೊಂಡಿತ್ತು.