ಒತ್ತಿದ್ದಕ್ಕೆ ಸಾಕ್ಷಿ

"ಒತ್ತು."

"ಒತ್ತಿದೀನಿ."

ಕಾರಿನ ಹಿಂದೆ ನಿಂತಿದ್ದ ಶಿಶಿರನಿಗೆ ಕೆಂಪು ದೀಪ ಕಾಣಲಿಲ್ಲ. ಕಾರಿಗೆ ಸಿಕ್ಕಿಸಿದ್ದ ಸ್ಕ್ಯಾನರಿನಿಂದ ಅವನ ಫೋನಿಗೆ ಬರುತ್ತಿದ್ದ ಸಾಲೂ ಅದನ್ನೇ ಹೇಳುತ್ತಿತ್ತು: ಪೆಡಲ್ ಒತ್ತಿಲ್ಲ.

"ಪೂರ್ತಿ ಒತ್ತು."

"ಇನ್ನೇನು, ನೆಲ ತೂತು ಮಾಡ್ಲಾ?"

ಒಳಗೆ ಕೂತಿದ್ದ ವಂದನಾಳ ದನಿಯಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಿತ್ತು. ಅದು ಅವನಿಗೆ ಹಿಡಿಸಲಿಲ್ಲ.

ಹೋದ ತಿಂಗಳು ಅವಳು ಆಸ್ಪತ್ರೆಯ ಕೆಲಸ ಮುಗಿಸಿ ಬರುವಾಗ, ಸಟನ್ನಿನ ಏರಿನ ಸಿಗ್ನಲ್ಲಿನಲ್ಲಿ ಹಿಂದಿನ ವ್ಯಾನಿಗೂ ಇವರ ಕಾರಿಗೂ ಡಿಕ್ಕಿಯಾಗಿತ್ತು. ಕಾರೇ ಹಿಂದಕ್ಕೆ ಜಾರಿ ಬಂತು, ಬ್ರೇಕ್ ದೀಪ ಹತ್ತಿರಲೇ ಇಲ್ಲ ಅಂದ ವ್ಯಾನಿನವನು. ಬ್ರೇಕ್ ಒತ್ತಿ ನಿಂತಿದ್ದೆ, ಅವನೇ ಬಂದು ಗುದ್ದಿದ ಅಂದಳು ವಂದನಾ. ಇನ್ಶೂರೆನ್ಸ್ ಕಂಪನಿಯಲ್ಲಿ ಜನರ ಸುಳ್ಳು ಪತ್ತೆ ಹಚ್ಚುವ ಪ್ರೋಗ್ರಾಮು ಬರೆಯುವ ಶಿಶಿರ ಹತ್ತದ ದೀಪವನ್ನು ನಂಬಿದ, ಹೆಂಡತಿಯನ್ನಲ್ಲ.

ನಂಬಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಕಿಂಗ್ಸ್‌ಬರಿಯ ಗೆಳೆಯರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಎಲೆ ಮುಂದೆ ಕೂತು, "ನಮ್ಮನೆಯವಳ ಕಾರು ಬ್ರೇಕಿಲ್ದೇನೂ ನಿಲ್ಲುತ್ತೆ" ಅಂದಿದ್ದ. ಪಾಯಸ ಬಡಿಸುತ್ತಿದ್ದ ವಂದನಾ ಎಲ್ಲರ ಜೊತೆ ತಾನೂ ನಕ್ಕಳು. ಮಾರನೆಯ ದಿನದಿಂದ ಬಸ್ಸು ಹಿಡಿದಳು.

ಇವತ್ತು ಬೆಳಿಗ್ಗೆ ತಾನಾಗಿಯೇ ಕೇಳಿದ್ದಳು. "ಒಂದ್ಸಲ ಚೆಕ್ ಮಾಡು. ಕಾರಿಂದೇ ತಪ್ಪು ಅಂದ್ರೆ ನಾಳೆಯಿಂದ ಓಡಿಸ್ತೀನಿ. ನಂದೇ ಅಂದ್ರೆ, ಇನ್ನು ಸ್ಟೇರಿಂಗ್ ಮುಟ್ಟಲ್ಲ."

"ಇಳಿ, ನೋಡ್ತೀನಿ."

ಟಾರ್ಚು ಕಚ್ಚಿಕೊಂಡು, ಸ್ಟೇರಿಂಗಿನ ಅಡಿಗೆ ತಲೆ ತೂರಿಸಿ ಅಂಗಾತ ಮಲಗಿದ. ಪೆಡಲಿನ ನೆತ್ತಿಯ ಹತ್ತಿರ ಸೆನ್ಸರು. ಪೆಡಲು ಕೆಳಗಿಳಿದಾಗ ಅದರ ಗುಂಡಿ ಹೊರಗೆ ಬರಬೇಕು, ಆಗ ದೀಪ ಹತ್ತಬೇಕು. ಕೈಯಿಂದ ಪೆಡಲು ಒತ್ತಿ ನೋಡಿದ, ಗುಂಡಿ ಬರಲಿಲ್ಲ. ಅದರ ಸುತ್ತ ಒಂದು ಕರಿ ದಾರ ಬಿಗಿದುಕೊಂಡಿತ್ತು. ದಾರದಲ್ಲಿ ಎರಡು ಒಣಮೆಣಸಿನಕಾಯಿ, ಅಡಿಕೆಯಷ್ಟಾಗಿ ಮುರುಟಿದ ಒಂದು ನಿಂಬೆಹಣ್ಣು.

ಕಟ್ಟಿದ್ದು ಅವನೇ. ಡಿಕ್ಕಿಗೂ ಮುಂಚೆ, ಆಯುಧಪೂಜೆಯ ದಿನ, ಊರಿನಿಂದ ಅಮ್ಮ ಫೋನಿನಲ್ಲಿ ಬಿಡದೆ ಹೇಳಿದ್ದಳು. ಬಂಪರಿಗೆ ಕಟ್ಟಿದರೆ ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಏನೆಂದು ಕೇಳುತ್ತಾಳೆ. ವಂದನಾಳಿಗಂತೂ ಗೊತ್ತಾಗಲೇಬಾರದು, ದೃಷ್ಟಿ ಗಿಷ್ಟಿ ಎಲ್ಲಾ ಗೊಡ್ಡು ಎಂದು ಅವಳಿಗೆ ಎಷ್ಟು ಸಲ ಭಾಷಣ ಬಿಗಿದಿದ್ದನೋ. ಅದಕ್ಕೇ ಯಾರ ಕಣ್ಣಿಗೂ ಬೀಳದ ಈ ಜಾಗ ಹುಡುಕಿದ್ದ. ನಿಂಬೆಯ ರಸ ದಾರಕ್ಕಿಳಿದು, ಗುಂಡಿಯನ್ನು ಅಂಟಿನ ಹಾಗೆ ಹಿಡಿದುಬಿಟ್ಟಿತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅವನಿಗೆ ನಗು ಬಂತು. ಹಿಂದೆಯೇ ವಿಪರೀತ ಭಯವಾಯಿತು.

"ಏನಾದ್ರೂ ಸಿಕ್ತಾ?"

ಜಗ್ಗಿ ಎಳೆದ. ದಾರದ ಜೊತೆ ಏನೋ ಚಿಕ್ಕದು ಪಟಕ್ಕೆಂದು ಮುರಿದು ಬಂತು. ಎಲ್ಲವನ್ನೂ ಮುಷ್ಟಿಯಲ್ಲಿ ಮುದುಡಿ ಜೇಬಿಗೆ ಹಾಕಿಕೊಂಡ.

"ಏನದು?"

"ಕಸ. ಕೂತ್ಕೋ, ಒತ್ತು."

ಹಿಂದೆ ಬಂದು ನಿಂತ. ಕಾರನ್ನು ರಿವರ್ಸಿನಲ್ಲಿ ತಂದು ನಿಲ್ಲಿಸಿದ್ದರಿಂದ ಅದರ ಬೆನ್ನು ಮನೆಯ ಕಡೆಗಿತ್ತು. ದೀಪ ಹತ್ತಿತ್ತು. ಅವನ ಅಂಗಿ, ಕೈ, ಬೆನ್ನ ಹಿಂದಿನ ಮನೆಯ ಕಿಟಕಿಯ ಗಾಜು, ಎಲ್ಲಾ ಕೆಂಪಾದವು.

"ಬಂತಾ?"

ಈಗ ಬಂತು ಎಂದರೆ ಸಾಕಿತ್ತು. ಆ 'ಈಗ' ಬಾಯಿಂದ ಹೊರಡಲಿಲ್ಲ.

"ಬರ್ತಿದೆ. ಕಾರು ಸರಿಯಾಗೇ ಇದೆ."

"ಆಗ ಬರ್ಲಿಲ್ವಲ್ಲ?"

"ನೀನು ಸರಿಯಾಗಿ ಒತ್ತಿರ್ಲಿಲ್ಲ."

ವಂದನಾ ಇಳಿದು, ಕೀಲಿಯನ್ನು ಅವನ ಕೈಗೆ ಕೊಡದೆ ಕಾರಿನ ನೆತ್ತಿಯ ಮೇಲಿಟ್ಟು ಒಳಗೆ ಹೋದಳು. ಅವಳು ಅಳಲಿಲ್ಲವೆಂದು ಅವನಿಗೆ ಸಮಾಧಾನವಾಯಿತು. ಇಂಥದ್ದಕ್ಕೂ ಸಮಾಧಾನವೇ ಎಂದು ಹೇಸಿಗೆಯೂ ಆಯಿತು.

ಕೀಲಿ ತೆಗೆದುಕೊಂಡು ತಿರುಗಿದ. ದೀಪ ಆರಿರಲಿಲ್ಲ.

ಕಾರಿನೊಳಗೆ ಯಾರೂ ಇಲ್ಲ. ಬಾಗಿ ಪೆಡಲನ್ನು ಕೈಯಿಂದ ಮೇಲೆತ್ತಿದ, ಆರಲಿಲ್ಲ. ಜೇಬು ತಡಕಿದಾಗ ನಿಂಬೆಯ ಜೊತೆ ಚೂರು ಪ್ಲಾಸ್ಟಿಕ್ಕು ಸಿಕ್ಕಿತು. ಪೆಡಲು ಮೇಲೆ ಬಂದಾಗ ಗುಂಡಿಯನ್ನು ಒಳಗೆ ತಳ್ಳಬೇಕಾದದ್ದೇ ಅದು.

ಹೊತ್ತು ಇಳಿಯುತ್ತಿತ್ತು. ಮನೆಯ ಕಿಟಕಿಯ ಪರದೆ ಕೆಂಪಗೆ ಕಾಣತೊಡಗಿತು. ಅವನು ಓಡಿ ಬಂದು ಎಡಗಡೆಯ ದೀಪಕ್ಕೆ ಅಂಗೈ ಮುಚ್ಚಿದ, ಬಲಗಡೆಯದಕ್ಕೆ ಇನ್ನೊಂದು ಕೈ ಚಾಚಿದ. ಎಟುಕಲಿಲ್ಲ. ತಲೆಯ ಮೇಲೆ, ಹಿಂಗಾಜಿನಲ್ಲಿ, ಮೂರನೆಯದೂ ಉರಿಯುತ್ತಿತ್ತು.

ಪರದೆ ಸರಿಯಿತು. ತೋಳು ಚಾಚಿಕೊಂಡೇ ಅವನು ನಿಂತಿದ್ದ, ಖಾಲಿ ಕಾರು ಯಾರ ಕಾಲೂ ಇಲ್ಲದೆ ಬ್ರೇಕ್ ಒತ್ತಿಕೊಂಡಿತ್ತು.